ಮುದ್ದೆ ಮತ್ತೆ ಇಳಿಯುತ್ತಿದೆ, ಎಲ್ಲರಿಗೂ ಧನ್ಯವಾದ

ನುಂಗುವ ತೊಂದರೆಗೆ ಪೋಯಮ್ ಅನ್ನುವ ಚಿಕಿತ್ಸೆ ಆಗಿ ಒಂದು ವರ್ಷವಾಯಿತು. ಮೊನ್ನೆ ತಪಾಸಣೆಯಲ್ಲಿ ಎಲ್ಲ ಚೆನ್ನಾಗಿದೆ ಅಂದರು. ಜೊತೆಗಿದ್ದವರಿಗೆಲ್ಲ ಧನ್ಯವಾದ ಹೇಳಬೇಕು ಅನಿಸಿತು.

ನನಗಿದ್ದದ್ದು ಅಕಲೇಸಿಯಾ ಕಾರ್ಡಿಯಾ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವ ಕಾಯಿಲೆ. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಇರುವ ಸ್ನಾಯು ನುಂಗಿದಾಗ ಸಡಿಲವಾಗಬೇಕು. ನನ್ನದು ಬಿಗಿದುಕೊಂಡೇ ಇತ್ತು. ಮುದ್ದೆ ಎದೆಯಲ್ಲೇ ಕೂರುತ್ತಿತ್ತು. ನೀರು ಕುಡಿದರೆ ಅದೂ ಮೇಲೇ ನಿಲ್ಲುತ್ತಿತ್ತು. ರಾತ್ರಿ ಮಲಗಿದರೆ ತಿಂದದ್ದೆಲ್ಲ ಬಾಯಿಗೆ ಬರುತ್ತಿತ್ತು.

ಗ್ಯಾಸ್ಟ್ರಿಕ್ ಮಾತ್ರೆ ತಗೊಂಡು ತಗೊಂಡು ಸಾಕಾಗಿತ್ತು. 'ವಾಪಸ್ ಬರೋದು ಹುಳಿ ಇರುತ್ತಾ?' ಅಂತ ಕೇಳಿದ ಮೊದಲ ಡಾಕ್ಟರು ನೀವು, ಮೇಡಂ. ಇಲ್ಲ, ತಿಂದ ರುಚಿಯೇ ಇರುತ್ತೆ ಅಂದೆ. 'ಹಾಗಾದ್ರೆ ಅದು ಹೊಟ್ಟೆಗೇ ಹೋಗಿಲ್ಲ' ಅಂದು ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ, ಅನ್ನನಾಳದ ಒತ್ತಡ ಅಳೆಯುವ ಮ್ಯಾನೋಮೆಟ್ರಿ ಪರೀಕ್ಷೆ ಬರೆದುಕೊಟ್ಟಿರಿ. ಆ ಒಂದು ಪ್ರಶ್ನೆಗೆ ನಾನು ಸದಾ ಋಣಿ. ಆ ಮ್ಯಾನೋಮೆಟ್ರಿಗೆ ಮೂಗಿನಿಂದ ನಳಿಕೆ ಇಳಿಸುವಾಗ ನನ್ನ ಕೈ ಹಿಡಿದುಕೊಂಡಿದ್ದ ಸಿಸ್ಟರ್‌ಗೂ.

ಇದು ಯಾಕೆ ಬಂತು ಅಂತ ಎಲ್ಲರೂ ಕೇಳುತ್ತಿದ್ದರು. ಗಬಗಬ ತಿಂದಿದ್ದಕ್ಕೆ, ಟೆನ್ಷನ್‌ಗೆ, ಹೊರಗಿನ ಊಟಕ್ಕೆ ಅಂತ ಒಬ್ಬೊಬ್ಬರದು ಒಂದೊಂದು ಮಾತು. ಚಿಕ್ಕಂದಿನಲ್ಲಿ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಅಮ್ಮ ಕೊರಗುತ್ತಿದ್ದರು. ಮೇಡಂ ಅಮ್ಮನನ್ನೇ ಎದುರು ಕೂರಿಸಿಕೊಂಡು ಚಿತ್ರ ಬರೆದು ತೋರಿಸಿದರು. ಆ ಸ್ನಾಯುವನ್ನು ಸಡಿಲಿಸುವ ನರಕೋಶಗಳು ಸತ್ತುಹೋಗಿರುತ್ತವೆ. ಯಾವುದೋ ವೈರಸ್ ಬಂದು ಹೋದ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ಆ ನರಗಳ ಮೇಲೆ ತಿರುಗಿ ಬೀಳುತ್ತದೆ ಅನ್ನುವ ಅನುಮಾನ ಜಾಸ್ತಿ. ಕೆಲವರಲ್ಲಿ ವಂಶವಾಹಿಯ ಪಾಲೂ ಇರಬಹುದು. ದಕ್ಷಿಣ ಅಮೆರಿಕದಲ್ಲಿ ಚಾಗಸ್ ಅನ್ನುವ ಪರಾವಲಂಬಿ ಕಾಯಿಲೆಯಿಂದಲೂ ಹೀಗೇ ಆಗುತ್ತದೆ. ಬಹಳಷ್ಟು ಜನರಲ್ಲಿ ಖಚಿತ ಕಾರಣ ಸಿಗುವುದೇ ಇಲ್ಲ. 'ಇದರಲ್ಲಿ ನಿಮ್ಮದೇನೂ ತಪ್ಪಿಲ್ಲ ಅಮ್ಮ' ಅಂದರು. ಅವತ್ತು ರಾತ್ರಿ ಅಮ್ಮ ನೆಮ್ಮದಿಯಾಗಿ ಮಲಗಿದರು. ನನಗೆ ಅರ್ಧ ವಾಸಿಯಾಗಿದ್ದು ಅಲ್ಲೇ.

ಪೋಯಮ್ ಅಂದರೆ ಬಾಯಿಯಿಂದಲೇ ಎಂಡೋಸ್ಕೋಪ್ ಇಳಿಸಿ ಬಿಗಿದ ಸ್ನಾಯುವನ್ನು ಒಳಗಿನಿಂದ ಕತ್ತರಿಸುವುದು. 2008ರಲ್ಲಿ ಜಪಾನಿನ ಡಾ. ಹರುಹಿರೊ ಇನೊಯೆ ಇದನ್ನು ರೋಗಿಗಳಿಗೆ ಮಾಡಲು ಶುರು ಮಾಡಿದರಂತೆ. ಅವರಿಗೂ ಇಲ್ಲಿಂದಲೇ ನಮಸ್ಕಾರ. ಸತ್ತ ನರ ಮತ್ತೆ ಚಿಗುರುವುದಿಲ್ಲ, ಹಾಗಾಗಿ ಈಗಲೂ ನಿಧಾನವಾಗಿ ತಿನ್ನುತ್ತೇನೆ, ತಲೆದಿಂಬು ಎತ್ತರಕ್ಕಿಟ್ಟು ಮಲಗುತ್ತೇನೆ. ನನ್ನ ಡಬ್ಬಿ ಖಾಲಿಯಾಗುವವರೆಗೂ ಜೊತೆಗೇ ಕೂರುವ ಸ್ಟಾಫ್‌ರೂಮಿನ ಗೆಳತಿಯರೇ, ನಿಮ್ಮನ್ನು ಮರೆಯೋದುಂಟಾ? ತಿಂಗಳುಗಟ್ಟಲೆ ಗಂಜಿ ಸೋಸಿ ಕೊಟ್ಟ ಅತ್ತೆಗೆ ಕೈ ಮುಗಿಯುತ್ತೇನೆ.

ನುಂಗುವುದು ಕಷ್ಟ ಅಂತ ಒದ್ದಾಡುತ್ತಿರುವವರು ಇದನ್ನು ಓದುತ್ತಿದ್ದರೆ, ಸುಮ್ನೆ ಗ್ಯಾಸ್ ಅಂದುಕೊಂಡು ತಡ ಮಾಡಬೇಡಿ. ಪರೀಕ್ಷೆಗೆ ಭಯವಾದರೆ ನನಗೆ ಹೇಳಿ, ಜೊತೆಗೆ ಬರುತ್ತೇನೆ.