ಸೊಗಡು ಎಂಬ ಮಾತು ಇರುವಾಗ

ಕೋಲಾರ

ಮಗೂ,

ಚಿಂತಾಮಣಿಯಿಂದ ನೀನು ಕಳುಹಿಸಿದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಜೊತೆಗಿದ್ದ ಕಾಗದವನ್ನು ಅದಕ್ಕಿಂತ ಹೆಚ್ಚು ಸಲ ಓದಿದೆ. ಯಾವ ವಾಹಿನಿಯೂ ಉತ್ತರಿಸಲಿಲ್ಲ, 26 ತುಂಬಿತು, ಅಡುಗೆಯನ್ನೂ ಬರವಣಿಗೆಯನ್ನೂ ಬಿಟ್ಟುಬಿಡಲೇ ಎಂದು ಕೇಳಿದ್ದೀಯ. 26ಕ್ಕೆ ಆಡುವ ಮಾತೇ ಇದು? ಟಿ.ವಿ.ಯಲ್ಲಿ ಅಡುಗೆ ಕಲಿಸಿ ಹೆಸರಾದ ಅಮೆರಿಕದ ಜೂಲಿಯಾ ಚೈಲ್ಡ್ ಪ್ಯಾರಿಸ್ಸಿನ ಅಡುಗೆ ಶಾಲೆಗೆ ಸೇರಿದ್ದೇ 37ನೆಯ ವಯಸ್ಸಿನಲ್ಲಿ. ಮೊದಲ ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಿರುಗಿಸಿದರು. 1961ರಲ್ಲಿ ಪುಸ್ತಕ ಹೊರಬಂದಾಗ ಆಕೆಗೆ 49. ಟಿ.ವಿ. ಕಾರ್ಯಕ್ರಮ ಶುರುವಾದದ್ದು ಅದಕ್ಕೂ ಆಮೇಲೆ, 1963ರಲ್ಲಿ.

ವಾಹಿನಿಯವರನ್ನು ಹೇಗೆ ಕಾಣಬೇಕು, ಪುಸ್ತಕಕ್ಕೆ ಎಷ್ಟು ಫೋಟೊ ಬೇಕು ಎಂಬುದನ್ನೆಲ್ಲ ತಿಳಿದವರು ಬೇರೆ ಇದ್ದಾರೆ, ಅವರನ್ನು ಕೇಳು. ನನಗೆ ಹೇಳಬೇಕಾಗಿರುವುದು ನಿನ್ನ ನಾಲಗೆಯ ವಿಚಾರ.

‘ಬಾಯಲ್ಲಿ ನೀರೂರಿಸುವ’ ಎಂದು ಹತ್ತೊಂಬತ್ತು ಕಡೆ ಬರೆದಿದ್ದೀಯ. ಎಣಿಸಿದ್ದೇನೆ. ಬಸ್ಸಾರಿಗೂ ಅದೇ, ಮುಳಬಾಗಿಲು ದೋಸೆಗೂ ಅದೇ. ಮಂಜು ಬಿದ್ದ ಅವರೆಕಾಯಿಯನ್ನು ಸುಲಿದರೆ ಬೆರಳಿಗೆ ಅಂಟಿ, ಕೈ ತೊಳೆದರೂ ಬಿಡದೆ ಉಳಿಯುತ್ತದಲ್ಲ, ಅದನ್ನು ನಮ್ಮ ಸೀಮೆಯಲ್ಲಿ ಸೊಗಡು ಎನ್ನುತ್ತಾರೆ. ನಿನ್ನ ಮನೆಯಲ್ಲೂ ಆಡುವ ಮಾತು. ಅದನ್ನು ಬಿಟ್ಟು ‘ಅದ್ಭುತ ಪರಿಮಳ’ ಎಂದು ಬರೆಯಲು ನಿನಗೆ ಯಾರು ಕಲಿಸಿದರು? ನನ್ನಂಥವರೇ ಕಲಿಸಿದೆವು. ಸಂಕಟವಾಗುವುದು ಅದಕ್ಕೇ.

ಹನ್ನೊಂದು ವರ್ಷ ಟಿ.ವಿ.ಯಲ್ಲಿ ಅಡುಗೆ ಮಾಡಿ ತೋರಿಸಿದೆ. ಪ್ರತಿ ಕಂತಿನ ಕೊನೆಗೆ ಒಂದು ಚಮಚ ಬಾಯಿಗಿಟ್ಟು ‘ಆಹಾ’ ಎನ್ನಬೇಕಿತ್ತು. ಒಂದು ದಿನ ಹಿತಕಿದ ಬೇಳೆಯ ಸಾರು. ಕಾಳು ನೆನೆಹಾಕಿ, ಒಂದೊಂದನ್ನೇ ಹಿತುಕಿ ಸಿಪ್ಪೆ ಬಿಡಿಸಿ ತಂದವರು ನನಗೆ ನೆರವಾಗುತ್ತಿದ್ದ ಹೆಂಗಸು. ಮಾತಿನ ಭರದಲ್ಲಿ ನಾನು ಉಪ್ಪು ಹಾಕುವುದನ್ನೇ ಮರೆತೆ. ಚಮಚ ನಾಲಗೆಗೆ ತಾಗಿದ ಕೂಡಲೇ ತಿಳಿಯಿತು. ಆದರೂ ‘ಆಹಾ’ ಎಂದೆ. ಚಿತ್ರೀಕರಣ ಮುಗಿದ ಮೇಲೆ ಆಕೆ ರುಚಿ ನೋಡಿ, “ಸಪ್ಪಗಿದೆಯಲ್ಲಮ್ಮ, ನಿಮಗೆ ಗೊತ್ತಾಗಲಿಲ್ಲವೇ?” ಎಂದು ಕೇಳಿದರು. ಗೊತ್ತಾಗಲಿಲ್ಲ ಎಂದೆ. ಲಕ್ಷಾಂತರ ಜನರ ಮುಂದೆ ಆಡಿದ ಸುಳ್ಳಿಗಿಂತ, ರಾತ್ರಿಯೆಲ್ಲ ಬೇಳೆ ಹಿತುಕಿದವರ ಎದುರು ನಿಂತು ಆಡಿದ ಸುಳ್ಳು ಇವತ್ತಿಗೂ ನನ್ನನ್ನು ಇರಿಯುತ್ತದೆ.

ಜೂಲಿಯಾ ಒಮ್ಮೆ ಆಲೂಗಡ್ಡೆಯ ತಿನಿಸೊಂದನ್ನು ಬಾಣಲೆಯಲ್ಲೇ ಚಿಮ್ಮಿಸಿ ಮಗುಚಲು ಹೋದಾಗ ಸ್ವಲ್ಪ ಒಲೆಯ ಮೇಲೆ ಚೆಲ್ಲಿತು. ಧೈರ್ಯ ಸಾಲದೆ ಹೀಗಾಯಿತು ಎಂದು ನೋಡುವವರಿಗೇ ಹೇಳಿ, ಚೆಲ್ಲಿದ್ದನ್ನು ಎತ್ತಿ ಬಾಣಲೆಗೆ ಹಾಕಿಕೊಂಡರು. ನನಗೆ ಆ ಧೈರ್ಯ ಬರಲಿಲ್ಲ.

ಕಾರ್ಯಕ್ರಮ ನಿಂತ ಮೇಲೆ ಬರೆಯಲು ಕುಳಿತರೆ ಕೈ ಬರೀ ‘ಆಹಾ’ ಎಂದೇ ಬರೆಯುತ್ತಿತ್ತು. ಒಗರು, ಕಮಟು, ಘಾಟು, ಜಿಡ್ಡು ಎಂಬ ಮಾತುಗಳು ಚಿಕ್ಕಂದಿನಿಂದ ಆಡಿದವೇ. ಅವನ್ನು ಮತ್ತೆ ಪೆನ್ನಿನ ತುದಿಗೆ ಕರೆತರಲು ಎರಡು ವರ್ಷ ಹಿಡಿಯಿತು.

ನಿನ್ನ ಅರವತ್ತೆರಡನೆಯ ಪುಟದಲ್ಲಿ ಹಾಸ್ಟೆಲಿನ ಮುದ್ದೆ ಇದೆ. ಮುರಿದರೆ ನಡುವೆ ಹಸಿಹಿಟ್ಟಿನ ಗಂಟು. ಬಡಿಸಿದವರು ನೋಡುತ್ತಿದ್ದರೆಂದು ಅದನ್ನು ಉಪ್ಪುಸಾರಿನಲ್ಲಿ ಅದ್ದಿ ನುಂಗಿದೆ, ಗಂಟಲಲ್ಲಿ ಹಿಟ್ಟು ಹಾರಿತು ಎಂದು ಬರೆದಿದ್ದೀಯ. ಓದುವಾಗ ನನ್ನ ಗಂಟಲೂ ಒಣಗಿತು ಕಣಪ್ಪ. ಅಂಥದ್ದನ್ನು ಬರೆದವನು, ಅಂಚಿನಲ್ಲಿ ‘ರುಚಿಕರವಲ್ಲ, ತೆಗೆಯಬೇಕು’ ಎಂದು ಗುರುತು ಹಾಕಿದ್ದೀಯ! ಆ ಗುರುತನ್ನು ನಾನು ರಬ್ಬರಿನಿಂದ ಉಜ್ಜಿ ಅಳಿಸಿದ್ದೇನೆ.

ಅವರೆ ಮುಗಿಯುವುದರೊಳಗೆ ಒಂದು ಭಾನುವಾರ ಬಾ. ಬೆಳಗಿನ ಬಸ್ಸಿಗೆ ಹೊರಟರೆ ಕಾಯಿ ಸುಲಿಯುವ ಹೊತ್ತಿಗೆ ಬಂದಿರುತ್ತೀಯ. ಸಾರು ನಾನು ಮಾಡುತ್ತೇನೆ. ಹೇಗಿದೆ ಎಂದು ನೀನು ಹೇಳಬೇಕು, ನನ್ನ ಮುಖ ನೋಡದೆ.

ನಿನ್ನ ಹಿತೈಷಿ