ವಿಡಿಯೊ ಫಿಸಿಯೊಥೆರಪಿ ಆ್ಯಪ್‌ನಲ್ಲಿ ರೋಗಿಯ ಸೊಂಟವೇ ಕಾಣದಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ವಿಡಿಯೊ ಚಿಕಿತ್ಸಾ ವಿಭಾಗ

ಮಾನ್ಯರೇ,

ಮೂರು ತಿಂಗಳಿಗೂ ಮೀರಿದ ಸೊಂಟನೋವಿಗೆ ನಿಮ್ಮ ಆ್ಯಪ್ ಮೂಲಕ ವ್ಯಾಯಾಮ ಹೇಳಿಕೊಡುವ ಫಿಸಿಯೊಥೆರಪಿಸ್ಟರು ನಾವು. ಹೊಸ ಆವೃತ್ತಿಯಲ್ಲಿ ಈ ಕೆಲಸ ಸರಿಯಾಗಿ ಮಾಡಲಾಗುತ್ತಿಲ್ಲ.

ಹಿನ್ನೆಲೆ ಮಸುಕಾಗಿಸುವ ಸೌಲಭ್ಯ ಈಗ ತಾನಾಗಿಯೇ ಆನ್ ಆಗುತ್ತದೆ, ಆಫ್ ಮಾಡುವ ಬಟನ್ ಇಲ್ಲ. ಅದು ಕೂತು ಮಾತಾಡುವವರ ತಲೆ, ಭುಜ ಗುರುತಿಸಲು ಮಾಡಿದ್ದು. ರೋಗಿ ಚಾಪೆಯ ಮೇಲೆ ಮಲಗಿ, ಮೊಣಕಾಲು ಮಡಚಿ ಸೊಂಟ ಎತ್ತಿದರೆ ಅರ್ಧ ಮೈ ಹಿನ್ನೆಲೆಯೊಳಗೆ ಮಾಯವಾಗುತ್ತದೆ. ಪೃಷ್ಠದ ಸ್ನಾಯುವಿನಿಂದ ಎತ್ತಿದರೋ, ನಡು ಬಗ್ಗಿಸಿ ಎತ್ತಿದರೋ ಎಂಬುದು ಗೊತ್ತಾಗುವುದು ಪಕ್ಕೆಲುಬಿನಿಂದ ತೊಡೆಯವರೆಗಿನ ಗೆರೆಯಿಂದಲೇ. ಅದು ಕಾಣದೆ ತಿದ್ದುವುದು ಹೇಗೆ? ಮುಂದಕ್ಕೆ ಬಗ್ಗಿಸಿದರೆ ಕ್ಯಾಮೆರಾ ಮುಖವನ್ನು ಹಿಂಬಾಲಿಸಿ ಜೂಮ್ ಆಗುತ್ತದೆ. ಫೋನನ್ನು ಸೊಂಟದೆತ್ತರಕ್ಕೆ, ಎಂಟು ಅಡಿ ದೂರದಲ್ಲಿ, ಪಕ್ಕದಿಂದ ಕಾಣುವಂತೆ ಅಡ್ಡಲಾಗಿ ಇಡಿಸಿದರೂ ಆ್ಯಪ್ ಚಿತ್ರದ ಎರಡೂ ಬದಿ ಕತ್ತರಿಸಿ ನಿಲುವಾಗಿಯೇ ತೋರಿಸುತ್ತದೆ.

ಇದಕ್ಕಿಂತ ಆತಂಕದ ವಿಷಯ ನೋಂದಣಿ ಫಾರ್ಮಿನದು. ಫಾರ್ಮ್ ಚಿಕ್ಕದಾಗಲೆಂದು ಮುಖ್ಯ ಪ್ರಶ್ನೆಗಳನ್ನೇ ತೆಗೆದುಹಾಕಿದ್ದೀರಿ: ತೊಡೆಸಂದಿ, ಗುದದ ಸುತ್ತ ಮರಗಟ್ಟಿದೆಯೇ, ಮೂತ್ರ ಕಟ್ಟಿದೆಯೇ ಅಥವಾ ಅರಿವಿಲ್ಲದೆ ಹೋಗುತ್ತಿದೆಯೇ, ಕಾಲಿನ ಬಲ ಕುಂದುತ್ತಿದೆಯೇ, ಹಿಂದೆ ಕ್ಯಾನ್ಸರ್ ಇತ್ತೇ, ಜ್ವರವಿದೆಯೇ, ಕಾರಣವಿಲ್ಲದೆ ತೂಕ ಇಳಿದಿದೆಯೇ, ಬಿದ್ದು ಪೆಟ್ಟಾಗಿದೆಯೇ. ಮೊದಲ ಮೂರರಲ್ಲಿ ಯಾವುದಾದರೂ ಹೊಸದಾಗಿ ಶುರುವಾಗಿದ್ದರೆ ಬೆನ್ನುಹುರಿಯ ಕೆಳಗಿನ ನರಗುಚ್ಛ ಒತ್ತಿಹೋಗಿರಬಹುದು. ಅಂಥವರು ಅಂದೇ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು, ನಮ್ಮ ವ್ಯಾಯಾಮಕ್ಕೆ ಕಾಯುತ್ತ ಕೂರಬಾರದು. ವಿಡಿಯೊದಲ್ಲಿ ಚರ್ಮ ಮುಟ್ಟಿ ಸ್ಪರ್ಶ ಪರೀಕ್ಷಿಸಲು, ಪುಟ್ಟ ಸುತ್ತಿಗೆ ತಟ್ಟಿ ನರಗಳ ಪ್ರತಿಕ್ರಿಯೆ ನೋಡಲು ನಮಗಾಗದು. ಹಿಮ್ಮಡಿಯ ಮೇಲೆ, ತುದಿಗಾಲಲ್ಲಿ ನಡೆಸಿ ಬಲ ಅಂದಾಜು ಮಾಡುತ್ತೇವೆ. ಅದಕ್ಕೂ ಪಾದ ಕಾಣಬೇಕು.

ಕರೆ ಮುಗಿದೊಡನೆ ಸೊಂಟದ ಬೆಲ್ಟ್, ಟೆನ್ಸ್ ಯಂತ್ರದ (ನೋವು ತಗ್ಗಿಸಲೆಂದು ಚರ್ಮದ ಮೂಲಕ ಸಣ್ಣ ವಿದ್ಯುತ್ ಹಾಯಿಸುವ ಸಾಧನ) ಜಾಹೀರಾತು ಬರುತ್ತದೆ. ದೀರ್ಘಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ಇವೆರಡನ್ನೂ ವಾಡಿಕೆಯ ಚಿಕಿತ್ಸೆಯಾಗಿ ಬಳಸಬಾರದು ಎನ್ನುತ್ತದೆ. ಬೆಲ್ಟ್ ಬೇಡ, ಓಡಾಡಿ ಎಂದು ನಾವು ಹೇಳಿ ಮುಗಿಸುವಷ್ಟರಲ್ಲಿ ನಿಮ್ಮ ಪರದೆ ಬೆಲ್ಟ್ ಕೊಳ್ಳಿ ಎಂದರೆ ರೋಗಿ ಯಾರನ್ನು ನಂಬಬೇಕು?

ಫಾರ್ಮಿನ ಪ್ರಶ್ನೆಗಳನ್ನು ಕೂಡಲೇ ಮರಳಿ ಸೇರಿಸಿ, ಜಾಹೀರಾತು ನಿಲ್ಲಿಸಿ. ಮಸುಕು, ಜೂಮ್ ಎರಡನ್ನೂ ಆಫ್ ಮಾಡುವ, ಅಡ್ಡ ಚಿತ್ರವನ್ನು ಪೂರ್ತಿ ತೋರಿಸುವ ವ್ಯವಸ್ಥೆ 15 ದಿನಗಳೊಳಗೆ ಆಗಬೇಕು. ಅಲ್ಲಿಯವರೆಗೆ ಹೊಸ ರೋಗಿಗಳಿಗೆ ನಾವೇ ಫೋನ್ ಮಾಡಿ ಈ ಪ್ರಶ್ನೆಗಳನ್ನು ಕೇಳಿದ ನಂತರವೇ ವಿಡಿಯೊ ಕರೆ ಸ್ವೀಕರಿಸುತ್ತೇವೆ.

ಇಂತಿ,
ನಿಮ್ಮ ಆ್ಯಪ್‌ನ ಫಿಸಿಯೊಥೆರಪಿಸ್ಟರು