ಜೆಟ್ಟಿಯಿಂದ ನಡೆದು ಬರುವಷ್ಟು ದೂರ

ಹುಬ್ಬಳ್ಳಿ,
ರವಿವಾರ ಸಂಜೆ

ಪ್ರೀತಿಯ ದೋಸ್ತ,

ನೀನು ಕಳಿಸಿದ ಗೋವಾ ಹೋಟೆಲುಗಳ ಆರೂ ಲಿಂಕ್ ನೋಡಿದೆ. ಆರರಲ್ಲೂ ಅದೇ ನೀಲಿ ಈಜುಕೊಳ, ಅದೇ ಬಿಳಿ ಹಾಸಿಗೆ, ಹಾಸಿಗೆ ಮೇಲೆ ಟವೆಲ್ ಮಡಚಿ ಮಾಡಿದ ಹಂಸ. ‘ಕ್ಯಾಸಿನೊ’, ‘ರೆಸಾರ್ಟ್’, ‘ರಿವರ್ ವ್ಯೂ’ ಅನ್ನೋ ಮೂರು ಶಬ್ದಗಳನ್ನೇ ಹಿಂದೆ ಮುಂದೆ ಮಾಡಿ ಹೆಸರಿಟ್ಟಿದ್ದಾರೆ. "ಹದಿನೈದು ಸಾವಿರದಾಗ ಮೂರು ಮಂದಿ, ಎರಡು ರಾತ್ರಿ, ಕ್ಯಾಸಿನೊ ಒಳಗ ಒಮ್ಮೆ ನೋಡಬೇಕು, ಯಾವುದು ಬುಕ್ ಮಾಡಲಿ ಹೇಳಲೇ" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಉಳಿದರ್ಧ ನಿನ್ನ ಹೆಂಡತಿಗೆ, ಅಂದರೆ ನಮ್ಮ ವೈನಿಗೆ, ಹೇಳುವುದಿಲ್ಲ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಓದಿ ಅವರ ಕೈಗೂ ಕೊಡು.

ಮೊದಲನೆಯ ಮಾತು, ನೀನು ಹುಡುಕುತ್ತಿರುವ ವಸ್ತು ಗೋವಾದಲ್ಲಿ ಇಲ್ಲ. ಸೋವಿ ಕ್ಯಾಸಿನೊ ಹೋಟೆಲ್ ಇರೋದಕ್ಕೆ ಅಲ್ಲಿನ ಕಾನೂನೇ ಬಿಡುವುದಿಲ್ಲ. 1976ರ ಅವರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಮಷಿನ್ ಆಟಕ್ಕೆ ಅನುಮತಿ ಕೊಟ್ಟರು. 1996ರಲ್ಲಿ ಇನ್ನೊಂದು ತಿದ್ದುಪಡಿ ಮಾಡಿ, ಇಸ್ಪೀಟಿನಂಥ ಟೇಬಲ್ ಆಟವನ್ನು ನೀರಿನ ಮೇಲಿನ ಹಡಗಿನಲ್ಲಿ ಆಡಿಸಬಹುದು ಅಂದರು. ಅಂದರೆ ನೆಲದ ಮೇಲೆ ಆಡಿಸಬೇಕಾದರೆ ಹೋಟೆಲಿಗೆ ಐದು ಸ್ಟಾರ್ ಇರಬೇಕು. ಎರಡು ಸಾವಿರದ ಖೋಲಿಗೆ ಐದು ಸ್ಟಾರ್ ಎಲ್ಲಿಂದ ಬರಬೇಕು? ನಿನ್ನ ಲಿಂಕಿನ ಆ ಹೆಸರುಗಳೆಲ್ಲ, ನಾಲ್ಕು ಟೇಬಲ್ಲಿನ ಖಾನಾವಳಿಗೆ ‘ಪ್ಯಾಲೇಸ್’ ಅಂತ ಬೋರ್ಡ್ ಹಾಕಿದ ಹಾಗೆ, ಅಷ್ಟೇ.

ಕ್ಯಾಸಿನೊ ಹೋಟೆಲಿನಲ್ಲೇ ಖೋಲಿ ಸೋವಿ ಅಂತ ಅಮೆರಿಕದಲ್ಲಿರುವ ನಿನ್ನ ಅಳಿಯ ಹೇಳಿದ್ದು ಸುಳ್ಳಲ್ಲ. ಲಾಸ್ ವೇಗಸ್‌ನಲ್ಲಿ ವಾರದ ನಡುವೆ ದೊಡ್ಡ ದೊಡ್ಡ ಕ್ಯಾಸಿನೊ ಹೋಟೆಲುಗಳೇ ಖೋಲಿ ಅಗ್ಗಕ್ಕೆ ಕೊಡುತ್ತವೆ. ಲಿಫ್ಟ್ ಇಳಿದರೆ ಜೂಜಾಟದ ಹಾಲ್, ಖೋಲಿಯಲ್ಲಿ ಬಿಟ್ಟದ್ದನ್ನು ಅಲ್ಲಿ ಹಿಡಿಯುತ್ತಾರೆ. ಅದರ ಮೇಲೆ ‘ರೆಸಾರ್ಟ್ ಫೀ’ ಅಂತ ದಿನದ ಲೆಕ್ಕದಲ್ಲಿ ಬೇರೆ ಹಾಕುತ್ತಾರೆ. ಅವನ ಲೆಕ್ಕ ಅಲ್ಲಿಗೆ ಸರಿ. ಗೋವಾದಲ್ಲಿ ಆಟ ಒಂದು ಕಡೆ, ಹಾಸಿಗೆ ಇನ್ನೊಂದು ಕಡೆ. ಹಾಗಾಗಿ ನೀನು ಆರಿಸಬೇಕಾದದ್ದು ಹೋಟೆಲನ್ನಲ್ಲ, ಆ ಎರಡರ ನಡುವಿನ ದಾರಿಯನ್ನು.

ಇದನ್ನು ನಾನು ಪೆಟ್ಟು ತಿಂದು ಕಲಿತೆ.

ಹೋದ ವರ್ಷ ನಮ್ಮ ಅಂಗಡಿಯ ನಾಲ್ಕು ಜನ ಹೋಗಿದ್ದೆವಲ್ಲ, ಬುಕಿಂಗ್ ನನ್ನದೇ. ಇಡೀ ವರ್ಷ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ಸ್ಕ್ರೂ ಲೆಕ್ಕ ಬರೆಯುವವನು ನಾನು, ಇದರಲ್ಲಿ ಯಾರು ಮೋಸ ಮಾಡುತ್ತಾರೆ ಅನ್ನೋ ಧಿಮಾಕು. ಪಣಜಿಯಲ್ಲಿ ಸಾದಾ ಲಾಡ್ಜ್ 2,300 ತೋರಿಸುತ್ತಿತ್ತು. ಕಲಂಗುಟ್ ಕಡೆ ‘ಕ್ಯಾಸಿನೊ ರೆಸಾರ್ಟ್, ರಿವರ್ ವ್ಯೂ’ ಅಂತ ಒಂದು 1,600ಕ್ಕೇ ಇತ್ತು. ಖೋಲಿಗೆ 700 ಉಳಿಯಿತು ಅಂತ ಎರಡು ಖೋಲಿ ಒತ್ತಿಬಿಟ್ಟೆ. ಹೋಗಿ ನೋಡಿದರೆ ಕ್ಯಾಸಿನೊ ಅಂದರೆ ರಿಸೆಪ್ಶನ್ ಗೋಡೆಯ ಮೇಲೆ ಒಂದು ಪೋಸ್ಟರ್, ಅದರ ಕೆಳಗೆ ಎಂಟ್ರಿ ಟಿಕೆಟ್ ಮಾರುವ ಒಬ್ಬ ಹುಡುಗ. ಕಿಟಕಿ ತೆರೆದರೆ ನೀರಿನ ಟ್ಯಾಂಕರು. ಟ್ಯಾಂಕರು ಹೊರಟ ಮೇಲೆ ಎರಡು ತೆಂಗಿನ ಮರದ ನಡುವೆ ಒಂದು ಗೇಣು ನೀರು ಕಂಡಿತು. ಅದೇ ರಿವರ್ ವ್ಯೂ.

ಹಡಗುಗಳೆಲ್ಲ ಇರುವುದು ಪಣಜಿಯ ಮಾಂಡವಿ ನದಿಯಲ್ಲಿ. ಡೆಲ್ಟಿನ್ ರಾಯಲ್, ಮೆಜೆಸ್ಟಿಕ್ ಪ್ರೈಡ್, ಬಿಗ್ ಡ್ಯಾಡಿ ಅಂತೆಲ್ಲ ದೀಪ ಹಚ್ಚಿಕೊಂಡು ಸಾಲಾಗಿ ನಿಂತಿರುತ್ತವೆ. ದಂಡೆಯ ಜೆಟ್ಟಿಯಿಂದ, ಅಂದರೆ ದೋಣಿ ಹತ್ತುವ ಕಟ್ಟೆಯಿಂದ, ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಕಲಂಗುಟ್‌ನಿಂದ ಅಲ್ಲಿಗೆ ಸುಮಾರು 15 ಕಿಲೋಮೀಟರ್. ಹೋಗುವಾಗ ಟ್ಯಾಕ್ಸಿಗೆ ಸಾವಿರ ಕೊಟ್ಟೆವು. ರಾತ್ರಿ ಒಂದೂವರೆಗೆ ಸಾಕು ಅನಿಸಿತು. ನನ್ನದು ಆವರೆಗೆ 800 ಹೋಗಿತ್ತು, ದುಃಖವೇನೂ ಇರಲಿಲ್ಲ. ಹೊರಗೆ ಬಂದು ಕೇಳಿದರೆ ಟ್ಯಾಕ್ಸಿಯವನು 1,500 ಅಂದ. ನಮ್ಮೂರಿನ ಹಾಗೆ ಫೋನ್ ಒತ್ತಿದರೆ ಆಟೋ ಬಂದು ನಿಲ್ಲುವ ಊರಲ್ಲ ಅದು. "ಅಷ್ಟ್ಯಾಕ ಕೊಡೂದು, ಬೆಳಿಗ್ಗೆ ಬಸ್ ಶುರು ಆಗೂತನಕ ಒಳಗ ಕುಂದ್ರೂಣು ನಡ್ರಿ" ಅಂದರು. ಈ ಮಾತು ಹೇಳಿದ್ದು ಯಾರು ಅಂತ ನಾಲ್ಕು ಜನ ಇವತ್ತಿಗೂ ಜಗಳಾಡುತ್ತೇವೆ. ನಾನೇ ಇರಬಹುದು.

ಒಳಗೆ ಗಡಿಯಾರ ಇರಲಿಲ್ಲ. ತಂಪು ಗಾಳಿ, ಮೆತ್ತನೆಯ ಕಾರ್ಪೆಟ್, ಕೇಳಿದಾಗ ಚಾ. ರೊಕ್ಕದ ಬದಲು ಆಡಲು ಕೊಡುವ ಬಿಲ್ಲೆಗೆ ಚಿಪ್ಪು ಅನ್ನುತ್ತಾರೆ, ಅದನ್ನು ಕೈಯಲ್ಲಿ ಹಿಡಿದರೆ ರೊಕ್ಕ ಅನಿಸುವುದೇ ಇಲ್ಲ ನೋಡು, ಕೇರಂ ಕಾಯಿಯ ಹಾಗೆ ಟಕ್ ಟಕ್ ಅನ್ನುತ್ತದೆ. ಒಂದೂವರೆಯಿಂದ ಐದೂವರೆಯವರೆಗೆ ನನ್ನೊಬ್ಬನದೇ 6,200 ಹೋಯಿತು. 1,500ರ ಟ್ಯಾಕ್ಸಿ ಉಳಿಸಲು ಹೋಗಿ! ನಾಲ್ವರಲ್ಲಿ ಹಂಚಿದ್ದರೆ ತಲೆಗೆ 375 ಆಗುತ್ತಿತ್ತು. ಲೆಕ್ಕ ಬರೆಯುವವನಿಗೆ ಆ ಭಾಗಾಕಾರ ಹೊಳೆದದ್ದು ವಾಪಸು ಬರುವ ಬಸ್ಸಿನಲ್ಲಿ, ರಾಮನಗರ ದಾಟಿದ ಮೇಲೆ. ಮನೆಯಲ್ಲಿ ಪ್ಯಾಂಟ್ ಒಗೆಯುವಾಗ ಕಿಸೆಯಲ್ಲಿ ನೂರರ ಚಿಪ್ಪು ಒಂದು ಸಿಕ್ಕಿತು. "ಕೇರಂ ಕಾಯಿ ಯಾಕ ಕಿಸೇದಾಗ ಇಟ್ಕೊಂಡು ತಿರಗ್ತೀರಿ?" ಅಂದಳು ನಮ್ಮಾಕೆ. ಹೂಂ ಅಂದೆ.

ಹತ್ತಿರ ಉಳಿಯಬೇಕು ಅನ್ನೋದು ಟ್ಯಾಕ್ಸಿ ಉಳಿಸಲು ಅಲ್ಲ ದೋಸ್ತ. ಬೇಜಾರಾದ ಕೂಡಲೇ ಎದ್ದು ಬರಲು. ದೂರ ಖೋಲಿ ಮಾಡಿದವನು ಎದ್ದೇಳುವುದಿಲ್ಲ, ಬಂದದ್ದಕ್ಕೆ ಇಷ್ಟು ಕೊಟ್ಟಿದ್ದೇನಲ್ಲ ಅಂತ ಕೂತೇ ಇರುತ್ತಾನೆ.

ಆ ಹೋಟೆಲಿನ ವಾಚ್‌ಮನ್ ರೋಣದ ಕಡೆಯವನು. ನಮ್ಮ ಮಾತು ಕೇಳಿ ತಾನಾಗಿ ಹತ್ತಿರ ಬಂದ. "ಜೆಟ್ಟಿ ನೋಡಾಕ ಬಂದವ್ರು ಈ ದಂಡಿಗೆ ಯಾಕ ಬಂದ್ರಿ ಸರ? ಹಳೇ ಪಣಜ್ಯಾಗ ಸಣ್ಣ ಸಣ್ಣ ಲಾಡ್ಜ್ ಅದಾವ್ರಿ" ಅಂದ. ನೀನೂ ಎಲ್ಲಿಗಾದರೂ ಫೋನ್ ಮಾಡಿದಾಗ ಕನ್ನಡದಲ್ಲೇ ಶುರು ಮಾಡಿ ನೋಡು. ಗೋವಾದಲ್ಲಿ ಗದಗ, ಹಾವೇರಿ, ಕೊಪ್ಪಳದವರು ಇಲ್ಲದ ಜಾಗ ಕಡಿಮೆ. ಮಾಲಕ ಹೇಳದ್ದನ್ನು ಅವರು ಹೇಳುತ್ತಾರೆ.

ಆಗಸ್ಟಿನಲ್ಲಿ ನಮ್ಮಾಕೆಯ ಜೊತೆ ಹೋದಾಗ ಅವನ ಮಾತನ್ನೇ ಕೇಳಿದೆ. ಪಣಜಿಯ ಫೊಂಟೈನ್ಹಾಸ್ ಅಂತ ಪೋರ್ಚುಗೀಸರ ಕಾಲದ ಓಣಿಗಳಿವೆ. ಹಳದಿ, ನೀಲಿ ಗೋಡೆ, ಕೆಂಪು ಹೆಂಚು. ಅಲ್ಲೊಂದು ಹಳೇ ಮನೆಯನ್ನೇ ಲಾಡ್ಜ್ ಮಾಡಿದ್ದರು. ಮಳೆಗಾಲ, ಮಂಗಳವಾರ, ದಿನಕ್ಕೆ 1,800. ಈಜುಕೊಳ ಇಲ್ಲ, ಟವೆಲ್ಲಿನ ಹಂಸ ಇಲ್ಲ. ಬಾಗಿಲ ಚಿಲಕ ಮಾತ್ರ ನಮ್ಮ ಅಜ್ಜನ ಮನೆಯದರಷ್ಟು ದಪ್ಪ. ಕದಂಬ ಬಸ್ ಸ್ಟ್ಯಾಂಡಿನಿಂದ ಒಂದು ಹಳ್ಳ ದಾಟಿದರೆ ಓಣಿ, ಓಣಿಯಿಂದ ನದಿ ದಂಡೆಗೆ ಹದಿನೈದು ಇಪ್ಪತ್ತು ನಿಮಿಷದ ನಡಿಗೆ. ರಾತ್ರಿ ಹನ್ನೊಂದಕ್ಕೆ ನಮ್ಮಾಕೆ "ಸಾಕ್ ನಡೀರಿ, ಕಾಲು ಜೋಮು ಹಿಡದಾವು" ಅಂದಳು. ನಡೆದುಕೊಂಡು ಬಂದೆವು. ಆ ದಿನ ಆಟದಲ್ಲಿ ಹೋದದ್ದು 500.

ಹಾಗಾಗಿ ಹೀಗೆ ಮಾಡು. ಮ್ಯಾಪಿನಲ್ಲಿ ‘ಗೋವಾ’ ಅಂತ ಹುಡುಕಬೇಡ. ಪಣಜಿಯ ಡಿ.ಬಿ. ರಸ್ತೆಯ ಕ್ಯಾಸಿನೊ ಜೆಟ್ಟಿಯ ಮೇಲೆ ಬೆರಳಿಟ್ಟು, ಅಲ್ಲಿಂದ ಒಂದೂವರೆ ಕಿಲೋಮೀಟರ್ ಒಳಗೆ ಏನಿದೆ ನೋಡು. ಕಿಲೋಮೀಟರ್ ನೋಡುವಾಗ ನಡೆಯುವ ದಾರಿಯನ್ನೇ ನೋಡು. ನದಿಯ ಆಚೆ ದಂಡೆಯ ಬೆಟಿಂ ಮ್ಯಾಪಿನಲ್ಲಿ ಒಂದು ಗೇಣು ದೂರ ಕಾಣುತ್ತದೆ, ನಡುವೆ ಇಡೀ ಮಾಂಡವಿ ಇದೆ. ಫೋಟೋ ನೋಡುವುದಾದರೆ ಉಳಿದು ಹೋದವರು ಹಾಕಿದ್ದನ್ನು ನೋಡು, ಹೋಟೆಲಿನವರು ಹಾಕಿದ್ದನ್ನಲ್ಲ. ಬಚ್ಚಲಿನ ಫೋಟೋ ಒಂದೂ ಇಲ್ಲದಿದ್ದರೆ ಮುಂದೆ ಹೋಗು.

ಆಮೇಲೆ ಫೋನ್ ಮಾಡಿ ಒಂದು ಪ್ರಶ್ನೆ ಕೇಳಲೇಬೇಕು. ರಾತ್ರಿ ಗೇಟು ಎಷ್ಟಕ್ಕೆ ಹಾಕುತ್ತೀರಿ? ಮನೆಯಂಥ ಲಾಡ್ಜುಗಳು ಕೆಲವು ಬೇಗ ಬೀಗ ಹಾಕುತ್ತವೆ. ಒಂದು ಗಂಟೆಗೆ ಬಂದು ಓಣಿಯಲ್ಲಿ ನಿಂತು ಬಾಗಿಲು ಬಡಿದರೆ ವೈನಿ ನನಗೆ ಬೈಯುತ್ತಾರೆ. ಖೋಲಿ ಹಿಂಬದಿಯದು ಕೇಳು. ನದಿ ಕಡೆಯದಕ್ಕೆ ಜಾಸ್ತಿ ಹೇಳುತ್ತಾರೆ, ರಾತ್ರಿಯೆಲ್ಲ ಹಡಗಿನ ದೀಪ ಕಣ್ಣಿಗೆ ಹೊಡೆಯುತ್ತದೆ. ರಾತ್ರಿ ಬಸ್ಸಿಗೂ ಹೋಗಬೇಡ. ನಸುಕಿನಲ್ಲಿ ಇಳಿಸಿಬಿಡುತ್ತದೆ, ಖೋಲಿ ಸಿಗುವುದು ಮಧ್ಯಾಹ್ನ. ಬೆಳಗ್ಗೆ ಹೊರಟರೆ ಅನಮೋಡ ಘಾಟು ಹಗಲಿನಲ್ಲೇ ಇಳಿಯುತ್ತೀಯ, ಐದಾರು ತಾಸಿಗೆ ಪಣಜಿ. ವೈನಿಯ ರೊಟ್ಟಿ ಬುತ್ತಿ ಘಾಟಿನ ಕೆಳಗಿನ ಮೊಲ್ಲೆಂ ಹತ್ತಿರ ಬಿಚ್ಚಬಹುದು.

ಶನಿವಾರ ರವಿವಾರ ಬೇಡ. ಖೋಲಿಯೂ ಏರುತ್ತದೆ, ಹಡಗಿನ ಎಂಟ್ರಿಯೂ ಏರುತ್ತದೆ. ನವೆಂಬರ್ ಕೊನೆಯಲ್ಲಂತೂ ಬೇಡವೇ ಬೇಡ. ಅಂತರರಾಷ್ಟ್ರೀಯ ಚಿತ್ರೋತ್ಸವ 2004ರಿಂದ ಪಣಜಿಯಲ್ಲೇ ನಡೆಯುತ್ತಿದೆ, ಆಗ ಸಣ್ಣ ಲಾಡ್ಜಿನಲ್ಲೂ ಜಾಗ ಸಿಗುವುದು ಕಷ್ಟ. ಕ್ರಿಸ್ಮಸ್ ಬಗ್ಗೆ ಹೇಳುವುದೇ ಬೇಡ.

ಇನ್ನು ನಿನ್ನ ಮಗ. ಹತ್ತೊಂಬತ್ತು ಅಲ್ವಾ? 21 ಆಗದವರನ್ನು ಆಟದ ಹಾಲ್ ಒಳಗೆ ಬಿಡುವುದಿಲ್ಲ, ಗುರುತಿನ ಚೀಟಿ ನೋಡುತ್ತಾರೆ. ದೂರದ ರೆಸಾರ್ಟಾದರೆ ಅವನು ಒಬ್ಬನೇ ಖೋಲಿಯಲ್ಲಿ ಮೊಬೈಲ್ ಹಿಡಿದು ಕೂರಬೇಕು. ಪಣಜಿಯಲ್ಲಾದರೆ ಸಂಜೆ ದಂಡೆಯಲ್ಲೇ ತಿರುಗಬಹುದು. ಕಾಲ್ನಡಿಗೆಯವರಿಗೆ ಬೆಟಿಂ ಫೆರಿ ಪುಕ್ಕಟೆ, ಹೋಗಿ ಬರಲಿ. ಹಡಗುಗಳ ಎದುರಿಗೇ ಹಳೇ ಸೆಕ್ರೆಟರಿಯೇಟ್ ಇದೆ, ನಮ್ಮ ವಿಜಯಪುರದ ಆದಿಲ್‌ಶಾಹಿಯವರ ಅರಮನೆ ಆಗಿದ್ದದ್ದು. ಅದರ ಪಕ್ಕದಲ್ಲಿ ಒಂದು ಕಂಚಿನ ಮೂರ್ತಿ. ನಿಲುವಂಗಿ ತೊಟ್ಟ ಒಬ್ಬ ಮನುಷ್ಯ ಎರಡೂ ಕೈ ಚಾಚಿ, ಎದುರಿಗೆ ಬೀಳುತ್ತಿರುವ ಹೆಂಗಸಿನ ಮೇಲೆ ಏನೋ ಮಂತ್ರ ಹಾಕಿದ ಹಾಗೆ ನಿಂತಿದ್ದಾನೆ. ಅಬ್ಬೆ ಫಾರಿಯಾ, 1756ರಲ್ಲಿ ಅಲ್ಲೇ ಕಾಂದೋಳಿಯಲ್ಲಿ ಹುಟ್ಟಿದ ಪಾದ್ರಿ, ಸಮ್ಮೋಹನ ವಿದ್ಯೆಯಲ್ಲಿ ದೊಡ್ಡ ಹೆಸರು. ಕ್ಯಾಸಿನೊ ಜೆಟ್ಟಿಗಳ ಎದುರಿಗೇ ಆ ಮೂರ್ತಿ! ಹೋಗುವಾಗ ನೀನೂ ಅವನ ಮುಖ ಒಮ್ಮೆ ನೋಡಿ ಹೋಗು.

ರೊಕ್ಕದ ಲೆಕ್ಕ ಹೇಳಿ ಮುಗಿಸುತ್ತೇನೆ. ಖೋಲಿ ಎರಡು ರಾತ್ರಿಗೆ, ಮಗನಿಗೊಂದು ಜಾಸ್ತಿ ಗಾದಿ ಸೇರಿ, ಐದು ಸಾವಿರದ ಒಳಗೆ ಹಿಡಿ. 7,500ರವರೆಗಿನ ಖೋಲಿಗೆ ಜಿಎಸ್‌ಟಿ ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 5 ಆಗಿದೆ. ಅದೇ ದಿನ ಕ್ಯಾಸಿನೊದ್ದು ಶೇ 28ರಿಂದ 40ಕ್ಕೆ ಏರಿತು. ಮಲಗುವುದು ಸೋವಿ, ಆಡುವುದು ತುಟ್ಟಿ ಆಯಿತು. ಎಂಟ್ರಿ ನಾವು ಹೋದಾಗ ವಾರದ ದಿನ ಒಬ್ಬರಿಗೆ 2,500 ಇತ್ತು, ನಿಮ್ಮಿಬ್ಬರಿಗೆ ಐದು ಸಾವಿರ ಹಿಡಿ. ಊಟ, ಕುಡಿಯುವುದು, ಒಂದಿಷ್ಟು ಚಿಪ್ಪು ಅದರಲ್ಲೇ. ಆ ಚಿಪ್ಪು ಕ್ಯಾಶ್ ಕೌಂಟರಿನಲ್ಲಿ ರೊಕ್ಕ ಆಗುವುದಿಲ್ಲ. ಆಡಲೇಬೇಕು, ಗೆದ್ದರೆ ಗೆದ್ದದ್ದಷ್ಟೇ ನಿನ್ನದು. ರಸ್ತೆಯಲ್ಲಿ ಕೈ ಹಿಡಿದು ಕರೆಯುವ ಹುಡುಗರ ಹತ್ತಿರ ಎಂಟ್ರಿ ತಗೋಬೇಡ, ಕೌಂಟರಿನಲ್ಲೇ ತಗೋ. ಚಡ್ಡಿ, ಚಪ್ಪಲಿಯಲ್ಲಿ ಹೋದರೆ ವಾಪಸು ಕಳಿಸುತ್ತಾರೆ.

ಒಳಗೆ ಅಂದರ್-ಬಾಹರ್ ನೋಡಿ ನಗಬೇಡ. ಯುಗಾದಿಗೆ ನಮ್ಮ ಕಡೆ ಗುಡಿ ಹಿಂದೆ ಕೂತು ಆಡಿದವರ ಹೆಸರು ಮರುದಿನ ಪೇಪರಿನಲ್ಲಿ ಬರುತ್ತದೆ. ಅಲ್ಲಿ ಅದೇ ಆಟಕ್ಕೆ ಸೂಟು ಹಾಕಿದವರು ಎಲೆ ಹಂಚುತ್ತಾರೆ. ಯಾವ ಅಂಕಿಯ ಮನೆಯಲ್ಲಿ ಗುಂಡು ನಿಲ್ಲುತ್ತದೆ ಅಂತ ಪಣ ಕಟ್ಟುವ ರೂಲೆಟ್ ಚಕ್ರದ ಹತ್ತಿರ ನಿಂತರೆ ಹಸಿರು ಸೊನ್ನೆ ಎಷ್ಟಿವೆ ಎಣಿಸು. ಒಂದಿದ್ದರೆ ಒಟ್ಟು 37 ಮನೆ. ಎಲ್ಲ ಮನೆಗೂ ನೂರು ನೂರು ಇಟ್ಟೆ ಅನ್ನು, 3,700 ಹೋಯಿತು. ಗೆದ್ದ ಮನೆಗೆ ಒಂದಕ್ಕೆ 35 ಕೊಡುತ್ತಾರೆ, ನಿನ್ನ ನೂರು ಸೇರಿ 3,600 ಬಂತು. ಏನೂ ತಪ್ಪು ಮಾಡದೆ ನೂರು ಕಳಕೊಂಡೆ. ಸೊನ್ನೆ ಎರಡಿದ್ದರೆ ಇನ್ನೂರು. ನಾನು ಆ 6,200 ಕಳೆದ ರಾತ್ರಿ ಈ ಲೆಕ್ಕ ಹಾಕಿರಲಿಲ್ಲ.

ಆಡಲು ಸಾವಿರ ರೂಪಾಯಿ ಬೇರೆ ಕವರಿನಲ್ಲಿ ಇಡು. ಕವರು ವೈನಿಯ ಕೈಯಲ್ಲಿ, ಎಟಿಎಂ ಕಾರ್ಡು ಮಗನ ಹತ್ತಿರ. ಉಳಿದ ನಾಲ್ಕು ಸಾವಿರದಲ್ಲಿ ಬಸ್ಸು, ಊಟ ಆಗುತ್ತದೆ. ಮೀನು ಜಾಸ್ತಿ ತಿಂದರೆ ನನ್ನನ್ನು ಕೇಳಬೇಡ.

ತಾರೀಖು ಗಟ್ಟಿ ಮಾಡಿ ಬುಧವಾರದೊಳಗೆ ತಿಳಿಸು. ಆ ಓಣಿಯ ಲಾಡ್ಜಿನ ನಂಬರು ನನ್ನ ಹತ್ತಿರ ಇದೆ, ಗೇಟಿನ ವಿಷಯ ನಾನೇ ಕೇಳುತ್ತೇನೆ. ಬರುವಾಗ ನನಗೆ ಗೋಡಂಬಿ ಮಾತ್ರ ತರಬೇಡ, ಹೋದ ಸಲ ತಂದದ್ದೇ ಡಬ್ಬಿಯಲ್ಲಿ ಮೆತ್ತಗಾಗಿ ಕೂತಿದೆ.

ನಿನ್ನ,
ಮೊಳೆ ಲೆಕ್ಕದ ದೋಸ್ತ